ರಾಗಿ ಡಬ್ಬಿಯಲ್ಲಿದ್ದ ಮಾತ್ರೆ

ಕಳೆದ ಮಂಗಳವಾರ ಡಾಕ್ಟರ್ ನನ್ನ ಚೀಟಿಯಲ್ಲಿ ಖಿನ್ನತೆಯ ಯಾವ ಮಾತ್ರೆಯನ್ನೂ ಬರೆಯಲಿಲ್ಲ. ಎರಡು ವರ್ಷ ನಾಲ್ಕು ತಿಂಗಳಲ್ಲಿ ಇದೇ ಮೊದಲು. "ಮೂರು ತಿಂಗಳು ಬಿಟ್ಟು ಬನ್ನಿ. ನಡುವೆ ನಿದ್ದೆ ಕೆಟ್ಟರೆ ಅಲ್ಲಿವರೆಗೂ ಕಾಯಬೇಡಿ" ಅಂದರು. ನಿಮ್ಹಾನ್ಸ್‌ನಿಂದ ಹೊರಗೆ ಬಂದು ಹೊಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ ಅಂತ ಯೋಚಿಸುತ್ತಾ ಹೋದರೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಹೆಸರು ಹಾಕುವುದಿಲ್ಲ. ಅವರವರಿಗೆ ಗೊತ್ತಾಗುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಭಾನುವಾರ ಚರ್ಚಿನ ಕ್ವಾಯರ್‌ನಲ್ಲಿ ಹಾಡುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಎರಡೂ ನಿಂತುಹೋದವು. ಸೀಮೆಸುಣ್ಣ ಕೈಯಲ್ಲಿ ಹಿಡಿದು ಅರ್ಧ ಬರೆದ ವಾಕ್ಯವನ್ನೇ ನೋಡುತ್ತಾ ನಿಂತುಬಿಡುತ್ತಿದ್ದೆ. ಹಲ್ಲುಜ್ಜುವುದೂ ದೊಡ್ಡ ಕೆಲಸವಾಯಿತು.

ಮೊದಲ ಥ್ಯಾಂಕ್ಸ್ ಅಮ್ಮನಿಗೆ. ಅಮ್ಮ ಬುದ್ಧಿ ಹೇಳಲಿಲ್ಲ. "ಎದ್ದೇಳು, ಒಂದು ಲೋಟ ಗಂಜಿ ಕುಡಿ, ಆಮೇಲೆ ಬೇಕಾದ್ರೆ ಮಲ್ಕೋ" ಅನ್ನುತ್ತಿದ್ದಳು, ಅಷ್ಟೇ. ಬೈಬಲಿನ ಒಂದನೆಯ ಅರಸುಗಳು ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದುಕೊಂಡು "ಸಾಕು, ನನ್ನ ಪ್ರಾಣ ತೆಗೆದುಬಿಡು" ಅಂತ ದೇವರನ್ನು ಕೇಳುತ್ತಾನೆ. ಸಂಡೇ ಸ್ಕೂಲಿನಿಂದ ಕೇಳಿದ ಕಥೆ. ಆದರೆ ಅಲ್ಲಿ ಬರುವ ದೇವದೂತ ಒಂದು ಉಪದೇಶವನ್ನೂ ಮಾಡುವುದಿಲ್ಲ ಅನ್ನೋದು ನಾನು ಹಾಸಿಗೆ ಹಿಡಿದ ಮೇಲೇ ಗಮನಕ್ಕೆ ಬಂದದ್ದು. ಎಬ್ಬಿಸಿ ತಿನ್ನು ಅನ್ನುತ್ತಾನೆ. ಪಕ್ಕದಲ್ಲಿ ರೊಟ್ಟಿ, ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಬೈಯುವುದಿಲ್ಲ, ಎರಡನೇ ಸಲವೂ ಬಂದು ಎಬ್ಬಿಸಿ ಊಟ ಕೊಡುತ್ತಾನೆ.

ಇಷ್ಟೆಲ್ಲಾ ಮಾಡಿದ ಅಮ್ಮನೇ ನನ್ನ ಮಾತ್ರೆಯನ್ನು ರಾಗಿ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಪ್ರಾರ್ಥನೆಗೆ ಬರುವ ಆಂಟಿಯರ ಕಣ್ಣಿಗೆ ಬೀಳಬಾರದು ಅಂತ. ತಪ್ಪು ಅವಳದ್ದಲ್ಲ ಬಿಡಿ. ಸ್ವಲ್ಪ ವಿಚಿತ್ರವಾಗಿ ಆಡಿದರೆ "ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ" ಅಂತ ನಗುವ ಊರು ನಮ್ಮದು. ನಾನೂ ಸ್ಟಾಫ್ ರೂಮಿನಲ್ಲಿ ಹಾಗೆ ಅಂದಿದ್ದೇನೆ.

ನಿಮ್ಹಾನ್ಸ್‌ಗೆ ಹೋಗುವ ಮೊದಲು ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದ್ದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ದಿನದ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇದ್ದ ಹೆಣ್ಣುಮಗಳು ನಾನು ಅಳುವುದು ನಿಲ್ಲುವವರೆಗೆ ಫೋನ್ ಇಡಲಿಲ್ಲ. ಅವರ ಮುಖ ನಾನು ನೋಡಿಲ್ಲ. ಈ ಬರಹ ಅವರ ಕಣ್ಣಿಗೆ ಬೀಳಲಿ ಅಂತ ಆಸೆ.

ಎಂಟನೇ ತಿಂಗಳಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಒಂದು ಪ್ರಾರ್ಥನಾ ಕೂಟದಲ್ಲಿ ಬೋಧಕರೊಬ್ಬರು, ನಂಬಿಕೆ ಇದ್ದವರಿಗೆ ಮಾತ್ರೆ ಯಾಕೆ ಅಂದರು. ಅವತ್ತೇ ನಿಲ್ಲಿಸಿದೆ. ಮೂರನೇ ದಿನಕ್ಕೆ ತಲೆಸುತ್ತು. ಕಣ್ಣು ಪಕ್ಕಕ್ಕೆ ಹೊರಳಿಸಿದರೆ ತಲೆಯೊಳಗೆ ಸಣ್ಣಗೆ ಕರೆಂಟ್ ಹೊಡೆದ ಹಾಗೆ. ದೇವರು ಶಿಕ್ಷೆ ಕೊಡುತ್ತಿದ್ದಾನೆ ಅಂದುಕೊಂಡೆ! ಎಸ್ಸಿಟಾಲೊಪ್ರಾಮ್ ಥರದ ಮಾತ್ರೆ ತಟ್ಟನೆ ಬಿಟ್ಟರೆ ಹೀಗಾಗುತ್ತೆ, ಬಿಡುವುದಾದರೆ ಸ್ವಲ್ಪಸ್ವಲ್ಪವೇ ಇಳಿಸಿ ಬಿಡಬೇಕು ಅಂತ ಡಾಕ್ಟರ್ ವಿವರಿಸಿದರು. ಗದರಲಿಲ್ಲ.

ಅವರಿಗೆ ಇನ್ನೊಂದು ಕಾರಣಕ್ಕೂ ಥ್ಯಾಂಕ್ಸ್. "ಮಿದುಳಿನಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಕಡಿಮೆಯಾಗಿ ಖಿನ್ನತೆ ಬರುತ್ತೆ ಅಲ್ವಾ?" ಅಂತ ಕೇಳಿದ್ದೆ. ಅಷ್ಟು ಸರಳ ಅಲ್ಲ ಅಂದರು. ಈ ಮಾತ್ರೆ ಸೆರೊಟೋನಿನ್ ಮೇಲೆ ಕೆಲಸ ಶುರು ಮಾಡುವುದು ಕೆಲವೇ ಗಂಟೆಗಳಲ್ಲಿ. ಮನಸ್ಸು ಹಗುರಾಗಲು ಮಾತ್ರ ವಾರಗಳು ಬೇಕು. ಕೊರತೆ ತುಂಬಿಸುವುದೊಂದೇ ಆಗಿದ್ದರೆ ಇಷ್ಟು ತಡ ಯಾಕೆ? ಗೊತ್ತಿರುವುದನ್ನು ಗೊತ್ತು, ಇಲ್ಲದ್ದನ್ನು ಇಲ್ಲ ಅಂತ ಹೇಳಿದ ಮೇಲೆ ಅವರ ಮೇಲೆ ನಂಬಿಕೆ ಜಾಸ್ತಿಯಾಯಿತು.

ಮತ್ತೆ ಹಾಡಲು ಶುರು ಮಾಡಿದಾಗ ಹೊಸ ತಲೆನೋವು. ಮಾತ್ರೆ ತಗೊಂಡ ಮೇಲೆ ದೇವರು ಹತ್ತಿರ ಇದ್ದಾನೆ ಅನ್ನಿಸುತ್ತಿದೆ, ಹಾಗಾದರೆ ಈ ಭಕ್ತಿ 10 ಮಿಲಿಗ್ರಾಮಿನದ್ದಾ? ನಮ್ಮ ಚರ್ಚಿನ ಪಾದ್ರಿ ಅಯ್ಯನವರನ್ನು ಕೇಳಿದೆ. ಅವರು ಮೂಗಿನ ಮೇಲಿದ್ದ ಕನ್ನಡಕ ತೆಗೆದು ಬೈಬಲಿನ ಮೇಲಿಟ್ಟರು. "ಇದಿಲ್ಲದೆ ನಂಗೆ ಒಂದು ಸಾಲೂ ಕಾಣಲ್ಲಮ್ಮ. ಹಾಗಂತ ಅಕ್ಷರ ಇದರಲ್ಲಿದೆ ಅನ್ನಕ್ಕಾಗುತ್ತಾ?" ಅಂದರು. ಉತ್ತರ ಚೆನ್ನಾಗಿದೆ, ಆದರೆ ವಿಜ್ಞಾನದ ಟೀಚರ್‌ಗೆ ಪೂರ್ತಿ ಸಾಲದು ಅಂತ ನಾನೂ ಹೇಳಿದೆ. "ಸಾಲದು ಬಿಡಿ, ಮತ್ತೆ ಬನ್ನಿ, ಮಾತಾಡೋಣ" ಅಂದರು. ಈಗಲೂ ಹೋಗುತ್ತೇನೆ, ಈಗಲೂ ಜಗಳ ಆಡುತ್ತೇವೆ.

ನಮ್ಮ ಹೆಡ್‌ಮಿಸ್‌ಗೆ ಮೆಂಡೆಲ್ ಮೂಲಕ ಥ್ಯಾಂಕ್ಸ್ ಹೇಳಬೇಕು. ಹತ್ತನೇ ಕ್ಲಾಸಿಗೆ ಅನುವಂಶೀಯತೆ ಪಾಠ ಮಾಡುವಾಗೆಲ್ಲ ಬಟಾಣಿ ಗಿಡದ ಮೆಂಡೆಲ್ ಬರುತ್ತಾನೆ. ಕ್ರೈಸ್ತ ಸನ್ಯಾಸಿ. ಅವನಿಗೆ ಮೊದಲು ಕೊಟ್ಟದ್ದು ರೋಗಿಗಳನ್ನು ನೋಡಿಕೊಂಡು ಬರುವ ಪಾದ್ರಿ ಕೆಲಸ. ನರಳುವವರನ್ನು ನೋಡಿ ನೋಡಿ ತಾನೇ ಹಾಸಿಗೆ ಹಿಡಿದ. ಮಠದ ಹಿರಿಯರು ನಂಬಿಕೆ ಸಾಲದು ಅನ್ನಲಿಲ್ಲ, 1849ರಲ್ಲಿ ಶಾಲೆಯಲ್ಲಿ ಪಾಠ ಮಾಡಲು ಕಳಿಸಿದರು. ಬಟಾಣಿ ಪ್ರಯೋಗ ಅದಾದ ಎಷ್ಟೋ ವರ್ಷದ ಮೇಲಿನ ಮಾತು. ಹೆಡ್‌ಮಿಸ್‌ಗೆ ಈ ಕಥೆ ಗೊತ್ತಿರಲಿಲ್ಲ. ಆದರೂ ನಾನು ರಾಜೀನಾಮೆ ಕೊಡಲು ಹೋದಾಗ ಕಾಗದ ಡ್ರಾಯರ್‌ಗೆ ಹಾಕಿಕೊಂಡು, ಒಂದು ಟರ್ಮ್ ಪಾಠ ತಪ್ಪಿಸಿ ಲ್ಯಾಬ್ ಕೊಟ್ಟರು. ಪ್ರನಾಳ ತೊಳೆಯುತ್ತಾ, ಸೀಸೆಗಳಿಗೆ ಲೇಬಲ್ ಅಂಟಿಸುತ್ತಾ ಆ ಮೂರು ತಿಂಗಳು ಕಳೆದೆ.

ಇನ್ನು ಆಂಟಿಯರ ವಿಷಯ. ಹೋದ ಕ್ರಿಸ್‌ಮಸ್‌ಗೆ ಅಮ್ಮ ರೋಸ್ ಕುಕೀಸ್ ಮಾಡಲು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹೊರಗಿಟ್ಟಿದ್ದಳು. ಸಹಾಯಕ್ಕೆ ಬಂದ ಪಕ್ಕದ ಬೀದಿಯ ಆಂಟಿ ರಾಗಿ ಡಬ್ಬಿ ತೆರೆದರು. ಮಾತ್ರೆ ಪಟ್ಟಿ ಕೈಗೆ ಬಂತು. ಅಮ್ಮನ ಮುಖ ನೋಡಬೇಕಿತ್ತು. ಆಂಟಿ ಹಿಟ್ಟು ಒರೆಸಿ, ಹೆಸರು ಓದಿ, "ಇದು ನಂಗೂ ಬರೆದುಕೊಟ್ಟಿದ್ರು, ಹೆದರಿಕೊಂಡು ತಗೊಳ್ಳಲೇ ಇಲ್ಲ" ಅಂದರು. ಆಮೇಲೆ ಇಬ್ಬರೂ ಕೂತು ಮಾತಾಡಿದರು. ಎಣ್ಣೆ ಕಾದು ಕಾದು ಹೊಗೆ ಬಂದರೂ ಎದ್ದಿರಲಿಲ್ಲ. ಅವತ್ತಿನಿಂದ ನನ್ನ ಮಾತ್ರೆ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಪಕ್ಕದಲ್ಲೇ ಇತ್ತು.

ಬರುವ ಬುಧವಾರ ಆಂಟಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಬೆಳಗ್ಗೆ ಬೇಗ ಹೊರಡಬೇಕು, ಅಲ್ಲಿನ ಕ್ಯೂ ಗೊತ್ತಲ್ವಾ. ಚಿತ್ರಾನ್ನ ಅವರೇ ಕಟ್ಟಿಕೊಂಡು ಬರ್ತಾರಂತೆ.