ನಿಮ್ಮ ರೂಟರ್ ಕಂಡದ್ದನ್ನು ನನಗೂ ತೋರಿಸಿದ್ದಕ್ಕೆ

ಮೊನ್ನೆ ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಆರು ವರ್ಷ ಹಿಡಿಯಿತು. ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ನಾನು ಋಣಿಯಾಗಿರುವವರಲ್ಲಿ ಜಾಸ್ತಿ ಜನರ ಮುಖವನ್ನೇ ನೋಡಿಲ್ಲ.

ಒಬ್ಬರ ಐಪಿ ವಿಳಾಸಗಳನ್ನು ಇನ್ನೊಬ್ಬರು ತಮ್ಮದೆಂದು ಅನೌನ್ಸ್ ಮಾಡಿದರೆ, ಅಂದರೆ ಅವುಗಳಿಗೆ ದಾರಿ ನಮ್ಮ ಕಡೆಯೇ ಎಂದು ಬೇರೆ ನೆಟ್‌ವರ್ಕ್‌ಗಳಿಗೆ ಸಾರಿದರೆ, ಬೇಗ ಪತ್ತೆ ಹಚ್ಚುವುದು, ಇದೇ ನನ್ನ ಕೆಲಸ. ಉದಾಹರಣೆಗೆ, 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹಾಕಿದ ರೂಟ್ ಹೊರಗೂ ಸೋರಿತು. ಯೂಟ್ಯೂಬ್ ಅನೌನ್ಸ್ ಮಾಡಿದ್ದು /22 ಎಂಬ ದೊಡ್ಡ ವಿಳಾಸ ಬ್ಲಾಕ್, ಪಾಕಿಸ್ತಾನ ಟೆಲಿಕಾಂ ಮಾಡಿದ್ದು ಅದರೊಳಗಿನ /24 ಎಂಬ ಚಿಕ್ಕ ಬ್ಲಾಕ್. ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಬಿಜಿಪಿ ವ್ಯವಸ್ಥೆಯಲ್ಲಿ ಚಿಕ್ಕ ಬ್ಲಾಕಿನ ಕಡೆಗೇ ಟ್ರಾಫಿಕ್ ಹೋಗುತ್ತದೆ, ಅಲ್ವಾ? ಈ ಸೋರಿಕೆ 18:47ಕ್ಕೆ ಶುರುವಾಗಿ 21:01ಕ್ಕೆ ಮುಗಿಯಿತು, ಯುಟಿಸಿ (ವಿಶ್ವ ಸಮಯ) ಲೆಕ್ಕದಲ್ಲಿ. ಇಷ್ಟು ನಿಖರವಾಗಿ ಇವತ್ತಿಗೂ ಹೇಳಲು ಆಗುವುದು ಯುರೋಪ್ ಮೊದಲಾದ ಕಡೆ ಐಪಿ ವಿಳಾಸ ಹಂಚುವ ಸಂಸ್ಥೆ ರೈಪ್ ಎನ್‌ಸಿಸಿಯ ರಿಸ್, ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್‌ನಂಥ ಸಂಗ್ರಹಗಳಿಂದ. ಅವುಗಳಿಗೆ ಊರೂರಿನ ನೆಟ್‌ವರ್ಕ್‌ಗಳು ತಮ್ಮ ರೂಟರ್ ಕಂಡ ಅನೌನ್ಸ್‌ಮೆಂಟ್‌ಗಳನ್ನೆಲ್ಲ ಸ್ವಂತ ಇಷ್ಟದಿಂದ ಕಳಿಸುತ್ತವೆ, ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನನ್ನ ಪ್ರಬಂಧದ ಒಂದೊಂದು ಪಟವೂ ಅಲ್ಲಿಂದಲೇ ಬಂದದ್ದು.

ಮೂರನೇ ವರ್ಷ ತುಂಬಾ ಕಷ್ಟವಾಗಿತ್ತು. ನನ್ನ ಪ್ರೋಗ್ರಾಂ ದಿನಾ ನೂರಾರು ಎಚ್ಚರಿಕೆ ಕೊಡುತ್ತಿತ್ತು, ಯಾವುದು ನಿಜ ಅಂತ ಗೊತ್ತಾಗುತ್ತಿರಲಿಲ್ಲ. ಪೇಪರ್ ಎರಡು ಸಲ ವಾಪಸ್ ಬಂತು. ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಆಗ ಹುಬ್ಬಳ್ಳಿ ಕಡೆಯ ಒಂದು ಸಣ್ಣ ಐಎಸ್‌ಪಿಯ (ಇಂಟರ್ನೆಟ್ ಕೊಡುವ ಕಂಪನಿಯ) ಎಂಜಿನಿಯರ್‌ಗೆ, ನಿಮ್ಮ ಬ್ಲಾಕ್ ಬೇರೆಯವರಿಂದ ಅನೌನ್ಸ್ ಆಗುತ್ತಿದೆ ಎಂದು ಮೇಲ್ ಹಾಕಿದೆ. ರಾತ್ರಿ ಒಂದೂವರೆಗೆ ಉತ್ತರ ಬಂತು. "ಕಳ್ಳತನ ಅಲ್ಲ ಮೇಡಂ, ನಾವೇ ಕೊಟ್ಟದ್ದು." ಅವರ ಮೇಲೆ ಡಿಡಾಸ್ ದಾಳಿ, ಅಂದರೆ ಎಲ್ಲೆಡೆಯಿಂದ ಸುಳ್ಳು ಟ್ರಾಫಿಕ್ ಸುರಿದು ನೆಟ್‌ವರ್ಕ್ ಮುಳುಗಿಸುವ ದಾಳಿ, ನಡೆದಿತ್ತು. ಟ್ರಾಫಿಕ್ ಸೋಸಿ ಕೊಡುವ ಕಂಪನಿಗೆ ತಮ್ಮ ವಿಳಾಸಗಳನ್ನು ಅನೌನ್ಸ್ ಮಾಡಲು ಅವರೇ ಹೇಳಿದ್ದರು, ಆ ಕಂಪನಿಯ ಹೆಸರಿಗೂ ಮೊದಲೇ ಆರ್‌ಒಎ (ಈ ವಿಳಾಸಗಳನ್ನು ಯಾರು ಅನೌನ್ಸ್ ಮಾಡಬಹುದು ಎಂಬ ಡಿಜಿಟಲ್ ಸಹಿಯ ಅನುಮತಿ) ಮಾಡಿಟ್ಟಿದ್ದರು. ಮರುದಿನ ನಿದ್ದೆಗೆಟ್ಟ ದನಿಯಲ್ಲೇ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ದಾಳಿಯೂ ಕಾಪಾಡುವ ಕೆಲಸವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ ಅಂತ ನನಗೆ ಹೊಳೆದದ್ದು ಆಗ. ನಾಲ್ಕನೇ ಅಧ್ಯಾಯ ಪೂರ್ತಿ ಅದೇ. ಸರ್, ನೀವು ಆ ರಾತ್ರಿ ಉತ್ತರಿಸದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ನನ್ನ ಗೈಡ್‌ಗೆ, ತಿಂಗಳುಗಟ್ಟಲೆ ಊರಿಗೆ ಬಾರದಿದ್ದರೂ ಬೇಸರ ಮಾಡಿಕೊಳ್ಳದ ಅಮ್ಮನಿಗೆ, ಲ್ಯಾಬಿನ ಗೆಳೆಯರಿಗೆ ನಮಸ್ಕಾರ.

ಹೋದ ತಿಂಗಳಿಂದ ಆ ಹುಬ್ಬಳ್ಳಿ ಕಡೆಯ ನೆಟ್‌ವರ್ಕ್ ಕೂಡ ರಿಸ್‌ಗೆ ಫೀಡ್ ಕೊಡುತ್ತಿದೆ. ಮೊದಲ ಅಪ್‌ಡೇಟ್ ಕಂಡ ಕೂಡಲೇ ಅವರಿಗೆ ಫೋನ್ ಮಾಡಿದ್ದೆ.