ಬಿಳಿ ಒಂದರಲ್ಲಿ ಹಾಡಿದ ಪದ

ಶ್ರಾವಣದ ಕಡೇ ಸೋಮವಾರ ನಮ್ಮೂರ ಬಸವಣ್ಣನ ಗುಡಿಯ ಭಜನಾ ಸಪ್ತಾಹ ಮಂಗಳವಾಯಿತು. ಏಳು ಹಗಲು, ಏಳು ರಾತ್ರಿ ತಾಳ ನೆಲಕ್ಕಿಳಿಯಲಿಲ್ಲ. ಆ ತಾಳ ನನ್ನ ಕೈಗೂ ಬಂತು. ನಾನೂ ಹಾಡಿದೆ. ಅದಕ್ಕೇ ಈ ನಾಲ್ಕು ಸಾಲು.

ಮಾಘದಲ್ಲಿ ನನ್ನ ಥೈರಾಯ್ಡ್ ಗಂಟು ತೆಗೆದರು. ಆ ಗ್ರಂಥಿಯ ಬೆನ್ನಿಗೇ ಧ್ವನಿತಂತುಗಳನ್ನು ಆಡಿಸುವ ನರ ಹಾಯುತ್ತದೆ, ಅದು ಸೋಲುವ ಸಂಭವ ಉಂಟು ಎಂದು ಡಾಕ್ಟರು ಮೊದಲೇ ಕೂರಿಸಿಕೊಂಡು ಹೇಳಿದ್ದರು. ಹಾಗೇ ಆಯಿತು. ಒಂದು ಕಡೆಯ ತಂತು ನಡುವಿಗೆ ಬಂದು ಕೂಡುತ್ತಿರಲಿಲ್ಲ. ಬಾಯಿ ತೆರೆದರೆ ದನಿಗಿಂತ ಗಾಳಿಯೇ ಹೆಚ್ಚು. 14 ವರ್ಷ ಮೇಳದ ಮುಂದೆ ಕೂತು ಪದ ಹಿಡಿದವನಿಗೆ ಶಾಲೆಯಲ್ಲಿ ಹಾಜರಿ ಕೂಗಲೂ ಆಗಲಿಲ್ಲ. ಸೋಮವಾರ ಸಂಜೆ ಗುಡಿಯ ಕಡೆಗಿನ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದೆ.

ಏನನ್ನೂ ಮುಚ್ಚಿಡದ ಆ ಡಾಕ್ಟರಿಗೆ ನಮಸ್ಕಾರ. ಸ್ಪೀಚ್ ಥೆರಪಿ ಮಾಡಿಸಿದ ತಂಗಿಗೆ ಇನ್ನೂ ದೊಡ್ಡ ನಮಸ್ಕಾರ. ಗ್ಲಾಸಿನ ನೀರಿಗೆ ಸ್ಟ್ರಾ ಇಳಿಸಿ 'ಊ' ಎನ್ನುತ್ತ ಗುಳ್ಳೆ ಎಬ್ಬಿಸುವುದು, ಅದೇ ಆಕೆ ಕೊಟ್ಟ ಪಾಠ. ದಿನಕ್ಕೆ ಐದಾರು ಸಲ. ಗುಳ್ಳೆ ಒಂದೇ ಸಮ ಏಳಬೇಕು. ಮಗಳು ಎದುರು ಕೂತು ಎಣಿಸುತ್ತಿದ್ದಳು.

ಸಪ್ತಾಹದ ನಾಲ್ಕನೇ ರಾತ್ರಿ, ಮೂರು ಗಂಟೆಯ ಪಾಳಿಗೆ ಜನ ಸಾಲದು, ಬರೀ ತಾಳ ಹಾಕಲು ಬಾ ಎಂದು ಕರೆದರು. ತಾಳ ಕೈ ಬದಲಾಗುವಾಗ ಒಂದು ಪೆಟ್ಟೂ ತಪ್ಪಬಾರದು. ಕೊಡುವವರ ಕೈ ಆಡುತ್ತಿರುವಾಗಲೇ ನಮ್ಮ ಬೆರಳು ದಾರದೊಳಗೆ ಸೇರಬೇಕು. ದಾರ ಬೆವರಿಗೆ ಒದ್ದೆಯಾಗಿತ್ತು, ಹಿತ್ತಾಳೆ ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ಹಿರಿಯರೊಬ್ಬರು, "ಪದಾ ಹಿಡೀರಿ ಮಾಸ್ತರ" ಅಂದರು. ಹಾರ್ಮೋನಿಯಂ ಪೇಟಿಯವರು ನನ್ನತ್ತ ನೋಡಲೂ ಇಲ್ಲ, ಕಪ್ಪು ಎರಡರ ಮನೆಯಲ್ಲಿದ್ದ ಶ್ರುತಿಯನ್ನು ಅದಕ್ಕಿಂತ ತಗ್ಗಿನ ಬಿಳಿ ಒಂದರ ಮನೆಗೆ ಇಳಿಸಿದರು. ಅಷ್ಟು ತಗ್ಗಿನಲ್ಲಿ ಹೆಂಗಸರಿಗೆ ದನಿ ಕೂಡಿಸುವುದು ಕಷ್ಟ. ಆದರೂ ಒಬ್ಬರೂ ಹಿಂದೆ ಸರಿಯಲಿಲ್ಲ.

ಶಿಶುನಾಳ ಶರೀಫರ ಪದ ಎತ್ತಿಕೊಂಡೆ. ಎರಡನೇ ನುಡಿಗೆ ದನಿ ಒಡೆದು ನಿಂತಿತು. ಪಕ್ಕದಲ್ಲಿದ್ದ ಅಜ್ಜಿ ಒಡೆದ ಅಕ್ಷರದಿಂದಲೇ ಸಾಲು ಎತ್ತಿಕೊಂಡರು, ನುಡಿ ಮುಗಿಸಿದರು, ಪಲ್ಲವಿ ಬಂದಾಗ ನನ್ನ ಮೊಣಕೈ ಮುಟ್ಟಿ ತಿರುಗಿ ನನಗೇ ಕೊಟ್ಟರು. ಶ್ರುತಿ ತಪ್ಪುತ್ತಾರೆ ಎಂದು, ಮೈಕಿಗೆ ದನಿ ಸಿಗದ ಹಾಗೆ, ಕೆಲವು ವರ್ಷದ ಹಿಂದೆ ನಾನೇ ಹಿಂದಿನ ಸಾಲಿಗೆ ಕಳಿಸಿದ್ದು ಇವರನ್ನೇ. ಅಂದಿನಿಂದ ಒಂದು ಸೋಮವಾರವೂ ಅವರು ಭಜನೆ ತಪ್ಪಿಸಿರಲಿಲ್ಲ.

ಶರೀಫರು ಹುಟ್ಟಿದ್ದು 1819ರಲ್ಲಿ. ಗೋವಿಂದಭಟ್ಟರ ಈ ಶಿಷ್ಯನ ಪದಗಳು ಊರೂರ ಗುಡಿ-ಮಠಗಳಲ್ಲಿ ಬಾಯಿಂದ ಬಾಯಿಗೆ ದಾಟಿಯೇ ನಮ್ಮವರೆಗೆ ಬಂದವು. ಆ ಬಾಯಿಗಳೆಲ್ಲ ಶ್ರುತಿಶುದ್ಧವಾಗಿದ್ದವೇ? ಪದ ತಮ್ಮದೇ ಅನ್ನಿಸಿದವರು ಹಾಡಿದರು, ಪದ ಉಳಿಯಿತು. ತಾಳಮಾನ ಅರಿಯೆ, ಒಲಿದಂತೆ ಹಾಡುತ್ತೇನೆ ಎಂದು ಬಸವಣ್ಣನವರು ಕೂಡಲಸಂಗನಿಗೆ ಹೇಳಿಕೊಂಡ ಆ ವಚನವನ್ನು ನಾನು ಎಷ್ಟೋ ವೇದಿಕೆಗಳಲ್ಲಿ ತಾಳ ತಪ್ಪದಂತೆ ಹಾಡಿದ್ದೇನೆ. ಅದು ಒಳಗಿಳಿದದ್ದು ಆ ರಾತ್ರಿ, ಅಜ್ಜಿಯ ಬೆರಳು ಮೊಣಕೈಗೆ ತಾಗಿದಾಗ.

ದನಿ ಇನ್ನೂ ಪೂರ್ತಿ ಬಂದಿಲ್ಲ. ಮೇಲಿನ ಷಡ್ಜ, ಅಂದರೆ ಎತ್ತರದ 'ಸ', ಸಿಗುತ್ತಿಲ್ಲ. ಸಿಕ್ಕರೆ ಸಂತೋಷ, ಗುಳ್ಳೆ ಎಬ್ಬಿಸುವುದನ್ನಂತೂ ಬಿಟ್ಟಿಲ್ಲ. ಪಾಳಿ ಹೊತ್ತ ಎಲ್ಲರಿಗೂ, ತುಟಿಪಿಟಕ್ಕೆನ್ನದೆ ಶ್ರುತಿ ಇಳಿಸಿದ ಪೇಟಿಯವರಿಗೂ ಶರಣು.

ಅಜ್ಜಿಗೆ ಮರುದಿನ ಮನೆಗೇ ಹೋಗಿ ಕಾಲು ಮುಟ್ಟಿ ತಪ್ಪಾಯಿತು ಅಂದೆ. "ಬರೋ ಸೋಮವಾರ ಲಗೂ ಬಾ" ಅಂದರು, ಅಷ್ಟೇ. ಲಗೂ ಹೋಗುತ್ತೇನೆ, ಅಜ್ಜಿ. ಮೈಕಿನ ಮುಂದೆ ನಿಮ್ಮ ಚಾಪೆ ನಾನೇ ಹಾಸಬೇಕು.