ಡಿಪಾಸಿಟ್ ಮುರಿಸಬೇಡಿ ಅಪ್ಪ

ಶಾರ್ಜಾ

ಅಪ್ಪನಿಗೆ ನಮಸ್ಕಾರ. ನಾನು ಆರಾಮ. ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ.

ಶೋಭಾ ಬರೆದದ್ದು ಓದಿದೆ. ಕಾರು ಕೆಟ್ಟು ನಿಂತಿದೆ, ಇಂಜಿನ್ ಬದಲಿಸಲು ನೀವು ಡಿಪಾಸಿಟ್ ಮುರಿಸಲು ಹೊರಟಿದ್ದೀರಂತೆ. ಫೋನಿನಲ್ಲಿ ಹೇಳಿದರೆ ನೀವು "ಆಯ್ತು ಆಯ್ತು" ಅಂತ ಅಮ್ಮನ ಕೈಗೆ ಕೊಡುತ್ತೀರಿ. ಅದಕ್ಕೇ ರೂಮಿನ ಕುಂದಾಪುರದ ಹುಡುಗನ ಹತ್ತಿರ ಈ ಪತ್ರ ಕಳಿಸುತ್ತಿದ್ದೇನೆ.

ಸೊಸೈಟಿಯ ಡಿಪಾಸಿಟ್ ಮುರಿಸಬೇಡಿ. ಅದು ಶೋಭಾಳ ಮದುವೆಗೆ ಇಟ್ಟದ್ದು, ಕಾರಿಗಲ್ಲ. ಹೆಡ್ (ಇಂಜಿನ್ನಿನ ಮೇಲಿನ ಭಾಗ) ಬಿಚ್ಚದೆಯೇ "ಇಂಜಿನ್ ಬದಲಿಸಬೇಕು" ಅಂತ ಗ್ಯಾರೇಜಿನವರು ಹೇಳಿದ್ದು ಹೇಗೆ? ಕಾಪು ಹತ್ತಿರ ತುಂಡಾದದ್ದು ಟೈಮಿಂಗ್ ಬೆಲ್ಟ್, ಇಂಜಿನ್ನಿನ ಕೆಳಗಿನದ್ದನ್ನೂ ಮೇಲಿನದ್ದನ್ನೂ ಒಟ್ಟಿಗೆ ತಿರುಗಿಸುವ ಪಟ್ಟಿ. ಅದು ಹೋದ ಕೂಡಲೇ ವಾಲ್ವ್‌ಗಳನ್ನು ತೆರೆದು ಮುಚ್ಚುವ ಮೇಲಿನ ಕ್ಯಾಮ್‌ಶಾಫ್ಟ್ ನಿಲ್ಲುತ್ತದೆ. ಕೆಳಗೆ ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ಓಡಿದ ವೇಗಕ್ಕೆ ಇನ್ನೂ ತಿರುಗುತ್ತಿರುತ್ತದೆ. ತೆರೆದು ನಿಂತ ವಾಲ್ವ್‌ಗೆ ಪಿಸ್ಟನ್ ಬಂದು ಗುದ್ದುತ್ತದೆ. ನಮ್ಮಂಥ ಡೀಸೆಲ್ ಇಂಜಿನ್ನಿನಲ್ಲಿ ವಾಲ್ವ್ ಬಗ್ಗಿರುವುದು ಹೆಚ್ಚುಕಡಿಮೆ ಖಂಡಿತ. ಸೆಲ್ಫ್ ಹೊಡೆದರೆ ಹಗುರವಾಗಿ ತಿರುಗುತ್ತದೆ ಅಂತ ಶೋಭಾ ಬರೆದಿದ್ದಾಳೆ. ವಾಲ್ವ್ ಸರಿಯಾಗಿ ಮುಚ್ಚದೆ ಒಳಗೆ ಗಾಳಿ ಒತ್ತಿಕೊಳ್ಳುವುದಿಲ್ಲ, ಅಂದರೆ ಕಂಪ್ರೆಶನ್ ಇಲ್ಲ, ಅದಕ್ಕೇ. ಇನ್ನು ಯಾರೂ ಕೀ ಮುಟ್ಟಬಾರದು. "ಹೊಸ ಬೆಲ್ಟ್ ಹಾಕಿ ಸುಮ್ನೆ ಸ್ಟಾರ್ಟ್ ಮಾಡಿ ನೋಡುವಾ" ಅಂದರೂ ಬಿಡಬೇಡಿ.

ಹೆಡ್ ಇಳಿಸಲಿ. ಪಿಸ್ಟನ್ ಒಡೆದಿದ್ದರೆ, ಸಿಲಿಂಡರಿನ ಒಳಗೆ ಗೀರು ಬಿದ್ದಿದ್ದರೆ ಆಗ ಇಂಜಿನ್ ಮಾತು ಆಡೋಣ. ಬರೀ ವಾಲ್ವ್ ಆದರೆ ಬೈಕಂಪಾಡಿ ಕಡೆ ಹೆಡ್ ಕೆಲಸ ಮಾಡುವವರನ್ನು ವಿಚಾರಿಸಿ. ಹೆಡ್ ಕೆಳಗೆ ಕೂರುವ ಗ್ಯಾಸ್ಕೆಟ್ ಹಾಳೆ ಹೊಸದೇ ಹಾಕಿಸಿ. ಬೆಲ್ಟ್ ಜೊತೆ ಅದನ್ನು ಬಿಗಿಯಾಗಿ ಹಿಡಿದು ಓಡಿಸುವ ಟೆನ್ಶನರ್, ಐಡ್ಲರ್ ಚಕ್ರಗಳು, ವಾಟರ್ ಪಂಪ್ ಕೂಡ. ಅಲ್ಲಿ ಜಿಪುಣತನ ಮಾಡಿದರೆ ಇದೇ ಕೂಲಿ ಇನ್ನೊಮ್ಮೆ. ಬಿಚ್ಚಿದ ಮೇಲೆ ಶೋಭಾ ಫೋಟೋ ಕಳಿಸಲಿ, ನಾನೇ ಇಲ್ಲಿಯ ಮೆಕ್ಯಾನಿಕ್‌ಗೆ ತೋರಿಸುತ್ತೇನೆ.

ಕಾರು ಜಾಸ್ತಿ ಓಡಿಯೇ ಇಲ್ಲ ಅಂತ ನೀವು ಕೊರಗುತ್ತಿದ್ದೀರಂತೆ. ಬೆಲ್ಟ್ ರಬ್ಬರ್ ಅಲ್ವಾ, ನಿಂತಲ್ಲೇ ಹಳತಾಗುತ್ತದೆ. ಇನ್ಶೂರೆನ್ಸಿಗೂ ಅಲೆಯಬೇಡಿ. ಅಪಘಾತ ಆಗದೆ ಹೀಗೆ ಕೆಟ್ಟದ್ದಕ್ಕೆ ಮಾಮೂಲಿ ಪಾಲಿಸಿಯಲ್ಲಿ ಏನೂ ಬರುವುದಿಲ್ಲ.

ಇಲ್ಲಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೇ ಇಂಜಿನ್ ರಾಶಿ ಹಾಕಿ ಮಾರುತ್ತಾರೆ, ಬೀದಿ ಬೀದಿಯೇ ಅದು. ಪಕ್ಕದ ದುಬೈಯಲ್ಲಿ ಕೊಳೆ ಹಿಡಿದ ಕಾರನ್ನು ಬೀದಿಯಲ್ಲಿ ಬಿಟ್ಟು ಹೋದರೆ 500 ದಿರ್ಹಮ್ ದಂಡ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಾರು ಇರುವ ಚಂದಕ್ಕೆ ಅಲ್ಲಿ ನನ್ನ ಸಂಬಳ ಅಷ್ಟೂ ಹೋಗುತ್ತಿತ್ತು! ಆದರೆ ರಸ್ತೆ ಮಾತ್ರ, ಹೊಂಡ ಹುಡುಕಿದರೂ ಸಿಗುವುದಿಲ್ಲ.

ಹಣ ನಾನು ಕಳಿಸುತ್ತೇನೆ. ನನಗೆ ಕಷ್ಟ ಆಗುತ್ತದೆ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಓವರ್‌ಟೈಮ್ ಉಂಟು, ರೂಮು ಕಂಪನಿಯದು, ನನಗೆ ಖರ್ಚೇ ಇಲ್ಲ. ನಿಜವಾಗಿಯೂ ಇಲ್ಲ. ಊಟ ಚೆನ್ನಾಗಿದೆ, ತೂಕವೂ ಏರಿದೆ, ಬೇಕಾದರೆ ಈ ಹುಡುಗನನ್ನೇ ಕೇಳಿ. ಶೋಭಾಳ ಮದುವೆಗೂ ಏನೂ ಕಡಿಮೆ ಆಗುವುದಿಲ್ಲ, ನಾನಿದ್ದೇನೆ.

ಇವನು ಬ್ಯಾಗಿನ ಜಿಪ್ ಎಳೆಯುತ್ತಿದ್ದಾನೆ. ಖರ್ಜೂರ ಅಮ್ಮನಿಗೆ. ಏನೇನು ಕೆಲಸ, ಎಷ್ಟು ಅಂತ ಬರೆಸಿಕೊಳ್ಳದೆ ಅಡ್ವಾನ್ಸ್ ಕೊಡಬೇಡಿ.

ನಿಮ್ಮ
ಗಣೇಶ